ಸ್ಮಶಾನ ಜರುಗಿರಲಿಲ್ಲ, ನಕ್ಷೆ ಜರುಗಿತ್ತು

ದೊಡ್ಡಮ್ಮನ ಹೆಣ ಅಂಗಳದಲ್ಲಿತ್ತು. ಗುಂಡಿ ತೋಡೋಕೆ ಹೋದ ಹುಡುಗರು ಸನಿಕೆ ಹಿಡ್ಕೊಂಡು ವಾಪಸ್ ಬಂದ್ರು. ಪಕ್ಕದ ಜಮೀನಿನವರು ಮೊಬೈಲ್ ತೋರಿಸಿ, "ನೋಡ್ರೋ, ನೀವು ಅಗೀತಿರೋದು ನನ್ನ ಸರ್ವೆ ನಂಬರಲ್ಲಿ" ಅಂದರಂತೆ. ನಮ್ಮ ಮುತ್ತಜ್ಜರನ್ನ ಮಣ್ಣು ಮಾಡಿದ 20 ಗುಂಟೆ ಜಾಗ ಅದು. ಪೊಲೀಸರು ಬಂದ ಮೇಲೆ, ಕತ್ತಲಲ್ಲಿ ಮಣ್ಣು ಮಾಡಿದ್ವಿ.

ನಾನು ಬಿಎ ಓದಿದ ಗುಮಾಸ್ತ, ನಕ್ಷೆ ಲೆಕ್ಕ ಗೊತ್ತಿರಲಿಲ್ಲ. ನಮ್ಮ ಕೇರಿಯ ಹುಡುಗನೊಬ್ಬ ಬೆಂಗಳೂರಲ್ಲಿ ಇದೇ ಕೆಲಸ ಮಾಡ್ತಾನೆ. ಅರ್ಜಿ ಹಾಕಿ ತೆಗೆಸಿದ ಹಳೇ ಗ್ರಾಮನಕ್ಷೆಯನ್ನ ಲ್ಯಾಪ್‌ಟಾಪಿಗೆ ಹಾಕಿ ಬಿಡಿಸಿ ಹೇಳಿದ.

ಹಳೇ ಸರ್ವೆ ನಡೆದದ್ದು 33 ಅಡಿ ಸರಪಳಿಯಲ್ಲಿ. ಸರಪಳಿ ಉದ್ದ, ಸರಪಳಿ ಅಗಲ ಅಂದ್ರೆ 1089 ಚದರಡಿ, ಅದೇ ಒಂದು ಗುಂಟೆ. ಆ ಕಾಗದದಲ್ಲಿ ಅಕ್ಷಾಂಶ ರೇಖಾಂಶ ಇಲ್ಲ. ಉಪಗ್ರಹದ ಚಿತ್ರದ ಮೇಲೆ ಕೂರಿಸಬೇಕಾದ್ರೆ ಹಾಳೆಯನ್ನ ತಿರುಗಿಸಬೇಕು, ಹಿಗ್ಗಿಸಬೇಕು ಇಲ್ಲ ಕುಗ್ಗಿಸಬೇಕು, ಓರೆ ಎಳೀಬೇಕು. ಇಷ್ಟಾದ್ರೆ ಲೀನಿಯರ್. ಜೊತೆಗೆ ಇಡೀ ಹಾಳೆ ಜರುಗಿಸಿದ್ರೆ ಅಫೈನ್. ನೇರ ಗೆರೆ ನೇರವಾಗೇ ಉಳಿಯುತ್ತೆ. ಇದಕ್ಕೆ ಬೇಕಾದ್ದು ಆರು ಸಂಖ್ಯೆ. ಒಂದೊಂದು ಗುರುತು ಎರಡೆರಡು ಲೆಕ್ಕ ಕೊಡುತ್ತೆ, ಹಾಗಾಗಿ ಒಂದೇ ಸಾಲಲ್ಲಿಲ್ಲದ ಮೂರು ಗುರುತು ಸಾಕು.

"ಅಣ್ಣಾ, ಎಡವಟ್ಟಾಗೋದು ಇಲ್ಲೇ. ಮೂರೇ ಗುರುತು ಕೊಟ್ರೆ ಕಂಪ್ಯೂಟರ್ ತಪ್ಪು ಸೊನ್ನೆ ಅಂತಾನೇ ತೋರಿಸುತ್ತೆ. ಒಂದು ಗುರುತು ಅತ್ತಿತ್ತ ಆಗಿದ್ರೂ ಸೊನ್ನೆನೇ. ನಾಲ್ಕನೇದು ಕೊಟ್ಟಾಗ್ಲೇ ತಪ್ಪು ಬಾಯಿ ಬಿಡೋದು" ಅಂದ.

ದೇವಸ್ಥಾನ, ಕೆರೆ ತೂಬು, ಊರ ಹತ್ತಿರದ ಒಂದು ಬಾಂದುಕಲ್ಲು, ಈ ಮೂರನ್ನ ಗುರುತು ಮಾಡಿದ. ಊರು ಸರಿಯಾಗಿ ಕೂತಿತು. ಕೇರಿ ಆಚೆಯ ಸ್ಮಶಾನ ಮಾತ್ರ ಪಕ್ಕದ ಹೊಲಕ್ಕೆ ಹೋಯ್ತು, ಥೇಟ್ ಆ ಮೊಬೈಲಲ್ಲಿದ್ದ ಹಾಗೇ. ಗುರುತುಗಳಿಂದ ದೂರ ಹೋದಷ್ಟೂ ಸಣ್ಣ ತಪ್ಪು ದೊಡ್ಡದಾಗುತ್ತಂತೆ. ಸ್ಮಶಾನದ ಮೂಲೆಯ ಎರಡು ಬಾಂದುಕಲ್ಲನ್ನೂ ಸೇರಿಸಿದ. ಸೊನ್ನೆ ಹೋಗಿ ತಪ್ಪು ಕಾಣಿಸ್ತು, ಸ್ಮಶಾನ ತನ್ನ ಕಲ್ಲುಗಳ ಹತ್ತಿರ ಬಂತು.

ಯಾರೋ ಬೇಕಂತಲೇ ಮಾಡಿದ್ದಾರೆ ಅಂತ ನಾನು ಹೇಳ್ತಿಲ್ಲ. ಗುರುತು ಹುಡುಕೋಕೆ ಬಂದವರು ಕೇರಿವರೆಗೆ ನಡೆದು ಬರಲಿಲ್ಲ ಅನ್ನೋದು ನನ್ನ ಅನುಮಾನ. ಗಣಿತಕ್ಕೆ ಜಾತಿ ಇಲ್ಲ. ಆದರೆ ಯಾವ ಕಲ್ಲನ್ನ ಲೆಕ್ಕಕ್ಕೆ ತಗೋಬೇಕು ಅಂತ ತೀರ್ಮಾನ ಮಾಡೋರು ಮನುಷ್ಯರು.

ಬಂಧುಗಳೇ, ನಿಮ್ಮ ಕೇರಿಯ, ಸ್ಮಶಾನದ ಬಾಂದುಕಲ್ಲು ಎಲ್ಲಿವೆ ಅಂತ ಹಿರಿಯರು ಇರುವಾಗಲೇ ಕೇಳಿ ಫೋಟೋ ತೆಗೆದಿಡಿ. ಟಿಪ್ಪಣಿ ನಕಲು ತೆಗೆಸಿ. ಮೊಬೈಲ್ ತೋರಿಸಿ ಯಾರಾದ್ರೂ ಹೆಣ ತಡೆದ್ರೆ ಹದ್ದುಬಸ್ತಿಗೆ ಅರ್ಜಿ ಹಾಕಿ. ನಾವೂ ಹಾಕಿದ್ದೀವಿ, ಕಾಯ್ತಿದ್ದೀವಿ.

ಜೈ ಭೀಮ್.