ಚಿತ್ರದಲ್ಲಿ ಕಾಣದ ತಂದೆ

ನಾನು ಮಠದ ಪಾಠಶಾಲೆಯಲ್ಲಿ ಓದಿದ ಗ್ರಂಥಗಳಲ್ಲಿ ಚಿತ್ರಗಳಿರಲಿಲ್ಲ. ಆದುದರಿಂದ ಮೊಮ್ಮಕ್ಕಳ ಕೈಗೆ ಬಂದ ರಷ್ಯದ ಜನಪದ ಕಥೆಗಳ ಚಿತ್ರಪುಸ್ತಕವು ನನಗೂ ಹೊಸ ಪಾಠವಾಯಿತು. ಅಕ್ಷರ ಬಾರದ ಮಗುವು ಮೊದಲು ಓದುವುದು ಚಿತ್ರವನ್ನೇ. ಕುಟುಂಬದಲ್ಲಿ ಯಾರ ಸ್ಥಾನವೇನು ಎಂಬುದನ್ನು ಅದು ಅಲ್ಲಿಂದಲೇ ಗ್ರಹಿಸುತ್ತದೆ.

ಈ ಕಥೆಗಳನ್ನು ಅಫನಾಸ್ಯೆವ್ ಎಂಬ ವಿದ್ವಾಂಸರು 1855ರಿಂದ 1863ರವರೆಗೆ ಸಂಗ್ರಹಿಸಿ ಪ್ರಕಟಿಸಿದರು. ಅನಂತರ ಅನೇಕ ಕಲಾವಿದರು ಇವುಗಳಿಗೆ ರೂಪ ಕೊಟ್ಟರು. ವಿಕ್ಟರ್ ವಾಸ್ನೆತ್ಸೊವ್ 1881ರಲ್ಲಿ ಬರೆದ ಅಲ್ಯೋನುಷ್ಕಾ ಎಂಬ ಅನಾಥ ಬಾಲೆ ಕೊಳದ ದಡದ ಬಂಡೆಯ ಮೇಲೆ ಬರಿಗಾಲಿನಲ್ಲಿ ಕುಳಿತು ದುಃಖಿಸುತ್ತಾಳೆ. ಅವರದೇ 1889ರ ಚಿತ್ರದಲ್ಲಿ ರಾಜಕುಮಾರ ಇವಾನನು ತೋಳದ ಮೇಲೇರಿ ಎಚ್ಚರದಿಂದ ಸಾಗುತ್ತಾನೆ. ರಾಜಕುಮಾರಿಯು ಅವನ ತೋಳಿನಲ್ಲಿ ಒರಗಿದ್ದಾಳೆ. ಗಂಡು ಸಾಗುವವನು, ಹೆಣ್ಣು ಸಹಿಸುವವಳು ಎಂಬ ಭಾವವೇ ಇವೆರಡರಲ್ಲಿಯೂ ಮೂಡುತ್ತದೆ.

ಆದರೆ ಇವಾನ್ ಬಿಲಿಬಿನ್ 1900ರ ಸುಮಾರಿನಲ್ಲಿ ರಚಿಸಿದ ವಸಿಲೀಸಾಳ ಚಿತ್ರವು ಬೇರೆಯೇ ಆಗಿದೆ. ಮಲತಾಯಿಯ ಮನೆಯವರು ಬೆಂಕಿ ತರಲು ಅಟ್ಟಿದ ಹುಡುಗಿ, ಉರಿಯುವ ಕಣ್ಣುಗಳ ತಲೆಬುರುಡೆಯನ್ನು ಹಿಡಿದು ಕತ್ತಲೆಯ ಕಾಡಿನಲ್ಲಿ ಒಬ್ಬಳೇ ನಡೆಯುತ್ತಾಳೆ. ಆ ಬೆಂಕಿಯನ್ನು ಕೊಟ್ಟವಳು ಒರಳಿನಲ್ಲಿ ಕುಳಿತು ಸಂಚರಿಸುವ ಭಯಂಕರ ಮುದುಕಿ ಬಾಬಾ ಯಾಗಾ.

ಈ ಚಿತ್ರವನ್ನು ನೋಡಿದ ಮೊಮ್ಮಗಳು, "ಅಜ್ಜಾ, ಈಕೀ ಅಪ್ಪ ಎಲ್ಲಿ ಹೋಗ್ಯಾನ?" ಎಂದು ಕೇಳಿದಳು. ತಂದೆ ವ್ಯಾಪಾರಿ, ಪರಸ್ಥಳಕ್ಕೆ ಹೋಗಿದ್ದಾನೆ. ಕಥೆಯ ಕೊನೆಯಲ್ಲಿ ಮಲತಾಯಿಯೂ ಅವಳ ಹೆಣ್ಣುಮಕ್ಕಳೂ ಆ ಬುರುಡೆಯ ಉರಿಯಲ್ಲಿ ಬೂದಿಯಾಗುತ್ತಾರೆ. ತಂದೆಯಾದರೋ ಮರಳಿ ಬಂದು, ರಾಣಿಯಾದ ಮಗಳ ಆಶ್ರಯದಲ್ಲಿ ಸುಖವಾಗಿರುತ್ತಾನೆ. ಎಲ್ಲಿದ್ದೆ ಎಂದು ಅವನನ್ನು ಯಾರೂ ಕೇಳುವುದಿಲ್ಲ!

ಬಿಲಿಬಿನ್ನರು ಚಿತ್ರ ಬರೆದ 'ಮಾರ್ಯಾ ಮೊರೆವ್ನಾ' ಕಥೆಯಲ್ಲಿ ಹೆಂಡತಿಯೇ ಯುದ್ಧಕ್ಕೆ ಹೋಗಿ, ಮನೆಯ ಆಡಳಿತವನ್ನು ಗಂಡನಿಗೆ ಒಪ್ಪಿಸುತ್ತಾಳೆ. ತೆರೆಯಬಾರದೆಂದ ಕೋಣೆಯನ್ನು ಅವನು ತೆರೆದು, ಸೆರೆಯಲ್ಲಿದ್ದ ದುಷ್ಟ ಕೊಶ್ಚೆಯನಿಗೆ ನೀರು ಕೊಡುತ್ತಾನೆ. ಬಲ ಪಡೆದ ಕೊಶ್ಚೆಯನು ಅವಳನ್ನೇ ಅಪಹರಿಸುತ್ತಾನೆ. ಮನೆಯನ್ನು ಕಾಯುವುದು ಸುಲಭದ ಕೆಲಸವಲ್ಲವೆಂದು ಜನಪದರು ಬಲ್ಲರು.

ನಮ್ಮ ಮನೆಗಳಲ್ಲಿಯೂ ಮಗು ದಾರಿ ತಪ್ಪಿದರೆ ದೂರು ತಾಯಿಯ ಪಾಲು. ದುಡಿಮೆಗೆಂದು ಹೊರಗಿರುವ ತಂದೆಗೆ ವಿನಾಯಿತಿ. ಮಕ್ಕಳಿಗೆ ಇಂತಹ ಚಿತ್ರಗಳನ್ನು ತೋರಿಸುವ ಹಿರಿಯರು ಚಿತ್ರದಲ್ಲಿ ಇಲ್ಲದವನ ಮಾತನ್ನೂ ಎತ್ತಬೇಕು. ಆ ಪುಸ್ತಕವನ್ನು ತಂದೆಯೇ ಮಗುವಿನ ಪಕ್ಕದಲ್ಲಿ ಕುಳಿತು ಓದಿದರೆ ಇನ್ನೂ ಒಳಿತು.