ಮೆಗ್ಗರಿಗೆ ಕಾಣದ್ದು

ಸಿಂಧನೂರಿಂದ ಸಿರುಗುಪ್ಪ ಕಡೆ ಹೊರಟರೆ ತುಂಗಭದ್ರೆ ದಾಟೋ ಮುಂಚೆ ಸಿಗೋ ಊರು ದಢೇಸುಗೂರು. ಸುತ್ತ ಎಲ್ಲಿ ನೋಡಿದ್ರೂ ಭತ್ತ. ಕಾಲುವೆ ನೀರು ಸಾಲದಿದ್ದರೆ ಹೊಳೆಗೆ ಮೋಟ್ರು ಇಡಬೇಕು. ಹಾಗಾಗಿ ಇಲ್ಲಿ ಮೋಟ್ರು ಸುಟ್ಟಿತು ಅಂದ್ರೆ ಮನೆಯಲ್ಲಿ ಯಾರಿಗೋ ಹುಷಾರಿಲ್ಲದ ಹಾಗೆ :)

ಹೋದ ಬೇಸಿಗೆ ಬೆಳೆಗೆ ನಮ್ಮ ಮಾವನ 10 ಎಚ್‌ಪಿ ಮೋನೋಬ್ಲಾಕ್ ಎರಡು ಸಲ ಸುಟ್ಟಿತು. ಎರಡನೇ ಸಲ ಅಂತೂ ರಿವೈಂಡಿಂಗ್ ಮಾಡಿಸಿ ತಂದ ಹನ್ನೊಂದನೇ ದಿನಕ್ಕೆ! ತೆನೆ ಹಾಲುಗಟ್ಟೋ ಹೊತ್ತು. ಆಗ ನೀರು ತಪ್ಪಿದರೆ ಕಾಳೆಲ್ಲ ಜೊಳ್ಳು. ರಿವೈಂಡಿಂಗ್ ಅಂಗಡಿಯಲ್ಲಿ ಕೇಳಿದ್ರೆ, "ಮೆಗ್ಗರ್ ಹಚ್ಚಿ ನೋಡೇ ಕೊಟ್ಟೀವ್ರಿ, ಬಾಡಿಗೆ ಎಲ್ಲೂ ಹತ್ತಿಲ್ಲ" ಅಂದ್ರು.

ಅವರು ಹೇಳಿದ್ದು ಸುಳ್ಳಲ್ಲ. ತೊಂದರೆ ಇರೋದು ಮೆಗ್ಗರ್ ಕೇಳೋ ಪ್ರಶ್ನೆಯಲ್ಲಿ. ಅದು 500 ವೋಲ್ಟ್ ಡಿಸಿ ಕೊಟ್ಟು ತಂತಿಗೂ ಬಾಡಿಗೂ ನಡುವಿನ ಇನ್ಸುಲೇಷನ್ ಅಳೆಯುತ್ತೆ. ಆದರೆ ಒಂದೇ ಕಾಯಿಲ್‌ನ ಅಕ್ಕಪಕ್ಕದ ಎರಡು ಸುತ್ತುಗಳ ಎನಾಮೆಲ್ ಕೆರೆದು ಹೋಗಿದ್ದರೆ? ಎರಡೂ ಸುತ್ತು ಒಂದೇ ವೋಲ್ಟೇಜಿನಲ್ಲಿ ಇರೋದರಿಂದ ಮೆಗ್ಗರಿಗೆ ಏನೂ ಕಾಣಲ್ಲ. ಮೋಟ್ರು ಓಡಿಸಿದಾಗ ಮಾತ್ರ ಶಾರ್ಟ್ ಆದ ಆ ಒಂದು ಸುತ್ತು ಟ್ರಾನ್ಸ್‌ಫಾರ್ಮರಿನ ಸೆಕೆಂಡರಿ ಥರ ಕೆಲಸ ಮಾಡಿ, ಭಾರೀ ಕರೆಂಟ್ ಎಳೆದು, ಪಕ್ಕದ ಸುತ್ತುಗಳನ್ನೂ ಸುಡುತ್ತೆ. ಕೊನೆಗೆ ಬಾಡಿಗೆ ಹತ್ತುತ್ತೆ. ಆಗ ಮೆಗ್ಗರ್ "ಕೆಟ್ಟಿದೆ" ಅನ್ನುತ್ತೆ. ಹೆಣ ನೋಡಿ ಕಾಯಿಲೆ ಹೇಳಿದ ಹಾಗೆ!

ಇದಕ್ಕಿರೋದು ಸರ್ಜ್ ಟೆಸ್ಟ್. ಕೆಪಾಸಿಟರ್ ಚಾರ್ಜ್ ಮಾಡಿ ಥಟ್ಟನೆ ವೈಂಡಿಂಗಿಗೆ ಬಿಡ್ತಾರೆ. ಪೆಟ್ಟು ಎಷ್ಟು ಬೇಗ ಏರುತ್ತೆ ಅಂದ್ರೆ, ವೋಲ್ಟೇಜಿನ ಬಹುಪಾಲು ಮೊದಲ ಕೆಲವು ಸುತ್ತುಗಳ ಮೇಲೇ ಬೀಳುತ್ತೆ. ಸ್ಟಾರ್ಟರ್ ಒತ್ತಿದಾಗಲೂ ಹೆಚ್ಚು ಏಟು ತಿನ್ನೋದು ಅವೇ. ಬಳಕೆಯ ಮೋಟ್ರಿಗೆ ಸಾಮಾನ್ಯ ಲೆಕ್ಕ: ವೋಲ್ಟೇಜಿನ ಎರಡರಷ್ಟು, ಮೇಲೆ 1000. ಅಂದ್ರೆ 415ಕ್ಕೆ 1830 ವೋಲ್ಟ್. ಗಂಟೆ ಹೊಡೆದ ಹಾಗೆ ಸ್ಕ್ರೀನಿನ ಮೇಲೆ ಅಲೆ ಮೂಡಿ ಇಳಿಯುತ್ತೆ. ಸುತ್ತು ಶಾರ್ಟ್ ಆಗಿದ್ದರೆ ಇಂಡಕ್ಟನ್ಸ್ ಕಡಿಮೆಯಾಗಿ ಅಲೆ ಎಡಕ್ಕೆ ಸರಿಯುತ್ತೆ. ಮೂರು ಫೇಸಿನ ಅಲೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರೆ ಆಯ್ತು. ನಮ್ಮ ಕೋಡಿನ ಡಿಫ್ ಥರಾನೇ :)

ಯಂತ್ರಕ್ಕೆ ಲಕ್ಷಗಟ್ಟಲೆ ಬೆಲೆ. ಸಣ್ಣ ಅಂಗಡಿಯವರು ಎಲ್ಲಿಂದ ತರಬೇಕು? ಮೂರನೇ ಸಲ ಮಾವನಿಗೆ ಇಷ್ಟೇ ಹೇಳಿದೆ: ತರೋ ಮುಂಚೆ ಅಲ್ಲೇ ಲೋಡಿಲ್ಲದೆ ಓಡಿಸಿ, ಟಾಂಗ್ ಟೆಸ್ಟರ್ ಹಾಕಿ ಮೂರೂ ಫೇಸಿನ ಆಂಪ್ಸ್ ನೋಡು. ಒಂದು ಹೆಚ್ಚಿದ್ದರೆ ಮೂರೂ ತಂತಿ ಒಂದೊಂದು ಸ್ಥಾನ ಸರಿಸಿ ಮತ್ತೆ ನೋಡು. ಹೆಚ್ಚಳ ಮೋಟ್ರಿನ ಅದೇ ತುದಿಯಲ್ಲಿ ಉಳಿದರೆ ವೈಂಡಿಂಗಿನ ದೋಷ, ಲೈನಿನ ಜೊತೆ ಸರಿದರೆ ಕರೆಂಟಿನದು. ಎನಾಮೆಲ್ ಬರೀ ಸವೆದಿದ್ದರೆ ಇದು ಹಿಡಿಯಲ್ಲ. ಶಾರ್ಟ್ ಆಗಿದ್ದರೆ ಹಿಡಿಯುತ್ತೆ.

ಸಂಜೆ ಮಾವನ ಫೋನು. "ಅಳಿಯಾ, ಒಂದು ಫೇಸ್ ಮ್ಯಾಲೇ ಐತಿ. ತಂತಿ ಸರಿಸಿದ್ರೂ ಅಲ್ಲೇ ಐತಿ. ಆ ಕಾಯಿಲ್ ಬಿಚ್ಚಕತ್ಯಾರ."

ಆ ಮೋಟ್ರು ಕಟಾವಿನವರೆಗೂ ಓಡಿತು. ನಿಮ್ಮೂರ ರಿವೈಂಡಿಂಗ್ ಅಂಗಡಿಗಳಲ್ಲಿ ಸರ್ಜ್ ಟೆಸ್ಟರ್ ಇದೆಯಾ? ನೋಡಿದ್ರೆ ಒಂದು ಮಾತು ಬರೆಯಿರಿ.