ಸಾಕ್ಷಿಗೆ ಕರೆದರು

ನಮ್ಮ ಕಣಕಟ್ಟೆ ಕಡೆ ‘ಸಾಕ್ಷಿ’ ಅಂದರೆ ಎದೆ ಧಸಕ್ಕೆನ್ನುತ್ತದೆ. ಬದು ಒತ್ತಿದ್ದು, ತೆಂಗಿನ ತೋಟದ ಪಾಲು, ಇಂಥವಕ್ಕೆ ಯಾರಾದರೂ ಸಾಕ್ಷಿಗೆ ಕರೆದರೆ, ಅರಸೀಕೆರೆ ಕೋರ್ಟಿಗೆ ಅಲೆಯುವವರಾರು ಎಂದು ನೆಂಟರೂ ತಲೆ ತಪ್ಪಿಸಿಕೊಳ್ಳುತ್ತಾರೆ. ಹಾಗಾಗಿ ಗೆಳೆಯನೊಬ್ಬ, ‘ಭಾನುವಾರ ನಮ್ಮ ಸಭೆಗೆ ಬಾರಯ್ಯ, ಅವ್ವ ಸಾಕ್ಷಿ ಹೇಳ್ತದೆ’ ಎಂದಾಗ ನಾನು, ‘ಯಾವ ಕೇಸು?’ ಅಂದುಬಿಟ್ಟೆ.

ಅಂಗಡಿಯ ಮೇಲಿನ ಬಾಡಿಗೆ ಹಾಲ್. ಗೋಪುರವಿಲ್ಲ, ಗಂಟೆಯಿಲ್ಲ. ಗೊರೂರು ಅಣೆಕಟ್ಟೆಯ ಹಿನ್ನೀರಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುವ ಶೆಟ್ಟಿಹಳ್ಳಿ ಇಗರ್ಜಿಯ ಮುಂದೆ ನಿಂತು ಫೋಟೊ ಹೊಡೆಸಿಕೊಳ್ಳುವವರು ಇದನ್ನು ಚರ್ಚು ಅಂತಲೇ ಒಪ್ಪಲಿಕ್ಕಿಲ್ಲ. ಮೆಟ್ಟಿಲ ಬುಡದಲ್ಲಿ ಚಪ್ಪಲಿ ರಾಶಿ, ಒಳಗೆ ಜಮಖಾನ, ಸೆರಗು ಹೊದ್ದ ತಲೆಗಳು. ಕೀಬೋರ್ಡ್ ಹುಡುಗನ ತಾಳ ಥೇಟ್ ನಮ್ಮೂರ ಆರ್ಕೆಸ್ಟ್ರಾದ್ದೇ. ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಯೂಟ್ಯೂಬಿನಲ್ಲಿ ಲೈವ್ ಬಿಟ್ಟಿದ್ದರು. ನೋಡುತ್ತಿದ್ದವರು ಏಳು ಜನ.

ಪಾಸ್ಟರ ಪ್ರಸಂಗ ಉದ್ದವಾಯಿತು. ನಡುವೆ ನನಗೊಂದು ಜೊಂಪು ಹತ್ತಿದ್ದೂ ನಿಜ. ಎಚ್ಚರವಾಗಿದ್ದು ಅವ್ವ ಮೈಕು ಹಿಡಿದಾಗ. ಹೀರೇಕಾಯಿ ಹಿಡಿದ ಹಾಗೆ ಹಿಡಿದಿದ್ದರು. ‘ಕರ್ತನಿಗೆ ಸ್ತೋತ್ರ’ ಅಂದರು. ‘ಸ್ತೋತ್ರ’ ಅಂದಿತು ಸಭೆ. ಆಮೇಲೆ ಮಂಡಿನೋವು, ಸಂಘದ ಸಾಲದ ಕಂತು, ಕುಡಿತ ಬಿಟ್ಟು ಮತ್ತೆ ಹಿಡಿದ ಅಳಿಯ, ಕಳೆದುಹೋಗಿ ಮೂರನೇ ದಿನ ತಾನಾಗೇ ಮನೆಗೆ ಬಂದ ಮೇಕೆ. ‘ಮೂರನೇ ದಿನ’ ಅನ್ನುವಾಗ ಪಾಸ್ಟರೂ ನಕ್ಕರು.

ನನಗೆ ರುಚಿಸಿದ್ದು ಆ ಕನ್ನಡ. ಮೇಕೆಯ ಸುದ್ದಿ ಬಂದಾಗ ‘ಎಲ್ಲ್ ಹಾಳಾಗೋಯ್ತೋ’, ದೇವರ ಸುದ್ದಿ ಬಂದಾಗ ‘ಆತನು ನನ್ನನ್ನು ಕೈಬಿಡಲಿಲ್ಲ’! ಶಾಲೆಯ ಮೆಟ್ಟಿಲು ಹತ್ತದ ಅವ್ವನ ಬಾಯಲ್ಲಿ ‘ಆತನು’ ಎಂಬ ಪುಸ್ತಕದ ಮಾತು ಮಜ್ಜಿಗೆಯಷ್ಟು ಸಲೀಸು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು, ಜೊತೆಯವರೊಡನೆ ತಿಣುಕಿ, 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡಕ್ಕೆ ತಂದರು. ಆಮೇಲೆ ಎಷ್ಟೋ ಸಲ ತಿದ್ದುಪಡಿಯಾದರೂ ಸತ್ಯವೇದದ ಕನ್ನಡ ಆ ಗ್ರಾಂಥಿಕ ಗತ್ತು ಬಿಟ್ಟುಕೊಟ್ಟಿಲ್ಲ.

ಮಂಡಿನೋವು ಪೂರ್ತಿ ಹೋಯಿತೆಂಬುದನ್ನು ಮಾತ್ರ ನಾನು ನಂಬಲಿಲ್ಲ. ಇಳಿಯುವಾಗ ಅವ್ವ ಮೆಟ್ಟಿಲಿಗೊಂದು ಸಲ ನನ್ನ ಭುಜ ಹಿಡಿದರು. ಆದರೆ ನಮ್ಮೂರ ಜಾತ್ರೆಯಲ್ಲಿ, ಗ್ರಾಮಸಭೆಯಲ್ಲಿ ಮೈಕು ಯಾರ ಕೈಗೆ ಹೋಗುತ್ತದೆಂದು ಬಲ್ಲೆ. ಕೂಲಿಗೆ ಹೋಗುವ ಹೆಂಗಸಿನ ಮೇಕೆಯ ಕಥೆಯನ್ನು ಹತ್ತು ನಿಮಿಷ, ಅಡ್ಡಬಾಯಿ ಹಾಕದೆ, ಅಷ್ಟು ಜನ ಕೂತು ಕೇಳಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕೆಳಗೆ ಚಪ್ಪಲಿ ಹುಡುಕುತ್ತ ಅವ್ವ, ‘ಮೇಕೆ ಇಚಾರ ಹಿಂದಿದ್ದೋರ್ಗೂ ಕೇಳಿಸ್ತೇನಪ್ಪ?’ ಅಂದರು.

ಕೇಳಿಸಿತ್ತು.